ಡಿ ಡ್ರೈವ್‌ನಲ್ಲಿ 11 ಜಿಬಿ ಉಳಿದಿದೆ, ಯಾರ ಫೈಲನ್ನೂ ಅಳಿಸುವ ಹಾಗಿಲ್ಲ. ಎಲ್ಲಿಂದ ಶುರು ಮಾಡಲಿ?

ತುಂಬಿದಬುಟ್ಟಿ:
ಎಲ್ಲರಿಗೂ ನಮಸ್ಕಾರ. ಸರ್ವರ್ ನೋಡಿಕೊಳ್ಳುವುದು ನನ್ನ ಪೂರ್ತಿ ಕೆಲಸ ಅಲ್ಲ. ಮೊದಲು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟರು, ಪಾಸ್‌ವರ್ಡ್ ಬರೆದ ಚೀಟಿ ನನ್ನ ಕೈಗೆ ಬಂತು, ಅಷ್ಟೇ. ವಿಂಡೋಸ್ ಸರ್ವರ್ 2012 ಆರ್2. 1 ಟಿಬಿಯ ನಾಲ್ಕು ಡಿಸ್ಕ್ ರೇಡ್ 5ರಲ್ಲಿವೆ (ನಾಲ್ಕೂ ಸೇರಿ ಒಂದೇ ಡಿಸ್ಕ್ ಥರ, ಒಂದು ಕೆಟ್ಟರೂ ಫೈಲ್ ಉಳಿಯುತ್ತದೆ), ಅದೇ ಡಿ ಡ್ರೈವ್, ಎಲ್ಲರ ಫೈಲೂ ಅಲ್ಲೇ. ಸಿ ಡ್ರೈವ್ ಬೇರೆ, ಅದಕ್ಕೆ 60 ಜಿಬಿ ಮಾತ್ರ ಕೊಟ್ಟಿದ್ದಾರೆ, ಅದರಲ್ಲೂ 4 ಜಿಬಿ ಉಳಿದಿದೆ.

ಡಿ ಒಟ್ಟು 1.99 ಟಿಬಿ ತೋರಿಸುತ್ತದೆ, ಖಾಲಿ ಇರುವುದು 11 ಜಿಬಿ. ಸೋಮವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಎಕ್ಸೆಲ್ ಸೇವ್ ಮಾಡುವಾಗ ಡಿಸ್ಕ್ ಫುಲ್ ಅಂತ ಬರುತ್ತದೆ, ನನ್ನ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ. "ದಯವಿಟ್ಟು ಬೇಡದ ಫೈಲ್ ಅಳಿಸಿ" ಅಂತ 35 ಜನಕ್ಕೂ ಮೇಲ್ ಹಾಕಿದೆ. ಇಬ್ಬರು ಸೇರಿ 300 ಎಂಬಿ ಅಳಿಸಿದರು. ಮೂರನೆಯವರು ಪಕ್ಕದವರ ಫೋಲ್ಡರ್ ಅಳಿಸಿದರು. ಇನ್ನು ಮೇಲ್ ಹಾಕುವ ಧೈರ್ಯ ನನಗಿಲ್ಲ.

ಹಳೇತಂತಿ:
ಮೊದಲನೇ ಕೆಲಸ: ಏನನ್ನೂ ಅಳಿಸಬೇಡಿ. ಜಾಗ ಎಲ್ಲಿ ಹೋಗಿದೆ ಅಂತ ಗೊತ್ತಾಗದೆ ಅಳಿಸುವುದು ಅಂದರೆ ಕತ್ತಲಲ್ಲಿ ಕತ್ತರಿ ಆಡಿಸಿದ ಹಾಗೆ.

ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ತೋರಿಸುವ ಟ್ರೀಸೈಜ್ ಆಗಲಿ ವಿನ್‌ಡರ್‌ಸ್ಟ್ಯಾಟ್ ಆಗಲಿ, ಯಾವುದಾದರೂ ಒಂದನ್ನು ಅಡ್ಮಿನಿಸ್ಟ್ರೇಟರ್ ಆಗಿಯೇ ಓಡಿಸಿ. ಸುಮ್ನೆ ಡಬಲ್ ಕ್ಲಿಕ್ ಮಾಡಿ ಓಡಿಸಿದರೆ ನಿಮಗೆ ಅನುಮತಿ ಇಲ್ಲದ ಫೋಲ್ಡರ್‌ಗಳನ್ನು ಅದು ಸೊನ್ನೆ ಅಂತ ಲೆಕ್ಕ ಹಾಕುತ್ತದೆ. ಹಗಲು ಹೊತ್ತು ಬೇಡ, ಎಲ್ಲರೂ ಮನೆಗೆ ಹೋದ ಮೇಲೆ ಓಡಿಸಿ, ಹಳೇ ಡಿಸ್ಕ್‌ಗೆ ಲಕ್ಷಗಟ್ಟಲೆ ಫೈಲ್ ಎಣಿಸುವುದು ಸಣ್ಣ ಕೆಲಸ ಅಲ್ಲ.

ಆಮೇಲೆ ಒಂದು ಕೂಡು ಲೆಕ್ಕ ಮಾಡಿ. ಟ್ರೀಸೈಜ್ ಹೇಳುವ ಮೊತ್ತ ಒಂದು ಕಡೆ, ಡಿ ಡ್ರೈವ್ ಪ್ರಾಪರ್ಟೀಸ್‌ನಲ್ಲಿ ಬರುವ "ಯೂಸ್ಡ್" ಇನ್ನೊಂದು ಕಡೆ. ಎರಡರ ನಡುವೆ ಹತ್ತಿಪ್ಪತ್ತು ಜಿಬಿ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನೂರಾರು ಜಿಬಿ ಇದ್ದರೆ ಅದು ಯಾರ ಫೈಲೂ ಅಲ್ಲ, ಶ್ಯಾಡೋ ಕಾಪಿ, ಅಂದರೆ ಫೈಲ್‌ಗಳ ಹಳೇ ರೂಪವನ್ನು ವಿಂಡೋಸ್ ತಾನೇ ಉಳಿಸಿಟ್ಟಿರುವುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ಶ್ಯಾಡೋಸ್ಟೋರೇಜ್ ಕೊಟ್ಟರೆ ಎಷ್ಟು ತಿಂದಿದೆ, ಎಷ್ಟು ತಿನ್ನಲು ಬಿಟ್ಟಿದ್ದಾರೆ ಎರಡೂ ಬರುತ್ತವೆ.

ಡಿ ಡ್ರೈವ್‌ನ ರೀಸೈಕಲ್ ಬಿನ್ ಸಹ ನೋಡಿ. ಜನ ನೆಟ್‌ವರ್ಕ್ ಮೂಲಕ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಬರುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಆದರೆ ಸರ್ವರ್ ಮುಂದೆಯೇ ಕೂತು ಯಾರಾದರೂ ಅಳಿಸಿದ್ದರೆ ಅದು ಅಲ್ಲಿ ಕೂತಿರುತ್ತದೆ.

ನೀಲಿಪರದೆ:
ಸಿ ಡ್ರೈವ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. 4 ಜಿಬಿ ಅಂದರೆ ಡಿಗಿಂತ ಅದೇ ಜಾಸ್ತಿ ಅಪಾಯ. ಡಿ ತುಂಬಿದರೆ ಜನ ಬೈಯುತ್ತಾರೆ, ಸಿ ತುಂಬಿದರೆ ಸರ್ವರೇ ಎದ್ದೇಳುವುದಿಲ್ಲ ಅನ್ನುವ ಹಂತಕ್ಕೂ ಹೋಗಬಹುದು.

ವಿಂಡೋಸ್ ಒಳಗಿನ ಟೆಂಪ್ ಫೋಲ್ಡರ್ ತೆರೆದು "ಕ್ಯಾಬ್" ಅಂತ ಶುರುವಾಗುವ ಫೈಲ್‌ಗಳು ಸಾಲಾಗಿ ನಿಂತಿವೆಯಾ ನೋಡಿ. ಸಿಬಿಎಸ್ ಲಾಗ್ (ವಿಂಡೋಸ್ ಅಪ್‌ಡೇಟ್‌ಗಳ ದಾಖಲೆ) ತುಂಬಾ ದೊಡ್ಡದಾದರೆ ವಿಂಡೋಸ್ ಅದನ್ನು ಕುಗ್ಗಿಸಲು ಹೋಗಿ ಸೋಲುತ್ತದೆ, ಸೋತಾಗಲೆಲ್ಲ ಅರ್ಧ ಫೈಲ್ ಬಿಟ್ಟುಹೋಗುತ್ತದೆ, ಮತ್ತೆ ಪ್ರಯತ್ನಿಸುತ್ತದೆ. 2008 ಆರ್2 ಕಾಲದಲ್ಲಿ ಇದು ನನ್ನ ಎಷ್ಟು ಭಾನುವಾರ ತಿಂದಿದೆ ಅಂತ ಕೇಳಬೇಡಿ. ಮೆಮೊರಿ ಡಂಪ್ ಫೈಲ್ (ಸರ್ವರ್ ಕ್ರ್ಯಾಶ್ ಆದಾಗ ಬರೆದಿಡುವುದು) ಇದ್ದರೆ, ಹಳೇದಾದರೆ, ಅದನ್ನೂ ತೆಗೆಯಬಹುದು.

ವಿಂಡೋಸ್ ತನ್ನ ಭಾಗಗಳನ್ನು ಇಟ್ಟುಕೊಳ್ಳುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ನೋಡಿ ಗಾಬರಿ ಬೇಡ. ಅದರಲ್ಲಿರುವುದು ಬಹಳಷ್ಟು ಹಾರ್ಡ್ ಲಿಂಕ್, ಒಂದೇ ಫೈಲ್ ಎರಡು ಕಡೆ ಹೆಸರು ಹೇಳುತ್ತದೆ, ಎಕ್ಸ್‌ಪ್ಲೋರರ್ ಎರಡೂ ಕಡೆ ಎಣಿಸುತ್ತದೆ. ವಿಂಡೋಸ್‌ನದೇ ಡಿಸ್ಮ್ ಕಮಾಂಡ್‌ನ ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್ ಓಡಿಸಿ, ಅದು ತನಗೆ ಬೇಡದ್ದನ್ನು ತಾನೇ ತೆಗೆಯುತ್ತದೆ. ಕೈ ಹಾಕಿ ಅಳಿಸಬೇಡಿ. ವಿಂಡೋಸ್ ಒಳಗಿನ ಇನ್‌ಸ್ಟಾಲರ್ ಫೋಲ್ಡರ್‌ಗೂ ಕೈ ಹಾಕಬೇಡಿ, ನೋಡಲು ಕಸದ ಹಾಗಿದೆ, ಆದರೆ ನಾಳೆ ಯಾವುದಾದರೂ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲು ಅಥವಾ ತೆಗೆಯಲು ಹೋದಾಗ ಅದೇ ಫೈಲ್ ಕೇಳುತ್ತದೆ.

ರಾತ್ರಿಪಾಳಿ:
ಇಷ್ಟೆಲ್ಲ ಕಸರತ್ತು ಯಾಕೆ ಗುರೂ? ನಾಲ್ಕು ದೊಡ್ಡ ಡಿಸ್ಕ್ ತನ್ನಿ, ಒಂದೊಂದಾಗಿ ಬದಲಾಯಿಸಿ, ರೇಡ್ ತಾನೇ ರೀಬಿಲ್ಡ್ ಆಗುತ್ತದೆ (ಹೊಸ ಡಿಸ್ಕ್‌ಗೆ ಬೇಕಾದ್ದನ್ನು ಉಳಿದವುಗಳಿಂದ ಬರೆದುಕೊಳ್ಳುತ್ತದೆ), ಕೊನೆಗೆ ಜಾಗ ಹಿಗ್ಗಿಸಿ. ಕಥೆ ಮುಗಿಯಿತು.

ಹಳೇತಂತಿ:
ಕಥೆ ಮುಗಿಯಬಹುದು, ಹೌದು. ಬೇರೆ ಅರ್ಥದಲ್ಲಿ.

ರೇಡ್ 5ರಲ್ಲಿ ಒಂದು ಡಿಸ್ಕ್ ಎಳೆದ ಕ್ಷಣದಿಂದ ರೀಬಿಲ್ಡ್ ಮುಗಿಯುವವರೆಗೂ ನಿಮಗೆ ಯಾವ ರಕ್ಷಣೆಯೂ ಇಲ್ಲ. ಉಳಿದ ಮೂರು ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೂ ಓದಬೇಕು. ಅವೂ ಅದೇ ದಿನ ಹಾಕಿದ್ದು, ಅಷ್ಟೇ ವಯಸ್ಸಾಗಿರುವಂಥವು, ವರ್ಷಗಳಿಂದ ಯಾರೂ ಮುಟ್ಟದ ಮೂಲೆಗಳನ್ನೂ ಓದಬೇಕು. ಇದನ್ನು ಒಮ್ಮೆ ಅಲ್ಲ, ನಾಲ್ಕು ಸಲ ಮಾಡಿ ಅನ್ನುತ್ತಿದ್ದೀರಿ. ಸಾಮಾನ್ಯ ಡಿಸ್ಕ್‌ಗಳಿಗೆ 10ರ ಘಾತ 14 ಬಿಟ್ ಓದಿದರೆ ಒಂದು ಬಿಟ್ ತಪ್ಪಬಹುದು ಅಂತ ತಯಾರಕರೇ ಬರೆದಿರುತ್ತಾರೆ, ಅಂದರೆ ಸುಮಾರು 12.5 ಟಿಬಿ. ಮೂರು ಡಿಸ್ಕ್ ಒಂದು ಸಲ ಓದಿದರೆ 3 ಟಿಬಿ. ನಾಲ್ಕು ಸಲಕ್ಕೆ 12 ಆಯಿತು.

ರಾತ್ರಿಪಾಳಿ:
ಆ ಲೆಕ್ಕ ಕಾಗದದ್ದು ಸರ್. ಅದು ಗರಿಷ್ಠ ಮಿತಿ, 12.5 ಟಿಬಿ ಆದ ತಕ್ಷಣ ಗಂಟೆ ಹೊಡೆದ ಹಾಗೆ ತಪ್ಪು ಬರುವುದಿಲ್ಲ. ಜೊತೆಗೆ ಒಂದೊಂದು ಡಿಸ್ಕ್ ಬದಲಾದ ಹಾಗೆ ಓದುವುದರಲ್ಲಿ ಹೊಸ ಡಿಸ್ಕ್ ಜಾಸ್ತಿ ಆಗುತ್ತಾ ಹೋಗುತ್ತದೆ. ನಾನು ಇದನ್ನು ಎರಡು ಕಡೆ ಮಾಡಿದ್ದೇನೆ, ಏನೂ ಆಗಲಿಲ್ಲ.

ಹಳೇತಂತಿ:
ಹೊಸ ಡಿಸ್ಕ್ ವಿಷಯ ಒಪ್ಪಿದೆ. ಬ್ಯಾಕಪ್ ಇತ್ತು ಅಲ್ವಾ, ಆ ಎರಡೂ ಕಡೆ?

ರಾತ್ರಿಪಾಳಿ:
ಇತ್ತು.

ಹಳೇತಂತಿ:
ಅದನ್ನೇ ಕೇಳಬೇಕಿತ್ತು. ತುಂಬಿದಬುಟ್ಟಿ ಅವರೇ, ನಿಮ್ಮದು?

ತುಂಬಿದಬುಟ್ಟಿ:
ಎರಡು ದಿನ ತಡವಾಯಿತು, ಕ್ಷಮಿಸಿ. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ನಾಚಿಕೆಯೂ ಆಗುತ್ತಿದೆ.

ಟ್ರೀಸೈಜ್ ಮೊತ್ತ 1590 ಜಿಬಿ. ಡ್ರೈವ್ ಹೇಳುವುದು 2037 ಜಿಬಿ. 447 ಜಿಬಿ ಗಾಳಿಯಲ್ಲಿ. ಆ ಕಮಾಂಡ್ ಕೊಟ್ಟೆ: ಶ್ಯಾಡೋ ಕಾಪಿ ಬಳಸಿರುವುದು 431 ಜಿಬಿ, ಗರಿಷ್ಠ ಮಿತಿ ಅನ್ನುವ ಜಾಗದಲ್ಲಿ "ಅನ್‌ಬೌಂಡೆಡ್" ಅಂತಿದೆ. ಹಿಂದಿನವರು ನೋ ಲಿಮಿಟ್ ಒತ್ತಿ ಹೋಗಿದ್ದಾರೆ. ರೀಸೈಕಲ್ ಬಿನ್‌ನಲ್ಲಿ 38 ಜಿಬಿ, ಅದೂ ಅವರದ್ದೇ. ತೆರೆದು ನೋಡಿದೆ, ಹಳೇ ಸೆಟಪ್ ಫೈಲ್ ಮಾತ್ರ. ಅದನ್ನು ಖಾಲಿ ಮಾಡಿದೆ, ಈ ಸೋಮವಾರಕ್ಕೆ ಉಸಿರಾಡಲು ಅಷ್ಟು ಸಾಕು.

ಬ್ಯಾಕಪ್. ಸರ್ವರ್ ಹಿಂದೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿದೆ, ದೀಪ ಮಿನುಗುತ್ತದೆ, ನಡೆಯುತ್ತಿದೆ ಅಂದುಕೊಂಡಿದ್ದೆ. ಲಾಗ್ ತೆರೆದರೆ ನಾಲ್ಕು ತಿಂಗಳಿಂದ ಪ್ರತಿ ರಾತ್ರಿ ಫೇಲ್. ಕಾರಣ ಏನು ಗೊತ್ತಾ? ಆ ಡಿಸ್ಕ್ ಕೂಡ ತುಂಬಿದೆ.

ಇನ್ನೂ ಇದೆ. ಸರ್ವರ್ ಮುಂಭಾಗದಲ್ಲಿ ಮೂರನೇ ಡಿಸ್ಕ್ ಮೇಲೆ ಒಂದು ಚೂರು ಕಪ್ಪು ಟೇಪ್ ಅಂಟಿಸಿದ್ದರು. ಯಾಕೆ ಅಂತ ಕಿತ್ತು ನೋಡಿದರೆ ಕೆಳಗೆ ಕಿತ್ತಳೆ ದೀಪ ಮಿನುಗುತ್ತಿದೆ. ಪಕ್ಕದಲ್ಲಿ ಕೂರುವವರನ್ನು ಕೇಳಿದೆ, "ಅದು ಕಣ್ಣಿಗೆ ಹೊಡೆಯುತ್ತಿತ್ತು, ಅದಕ್ಕೆ" ಅಂದರು.

ನೀಲಿಪರದೆ:
ಅಯ್ಯೋ ಟೇಪ್! 😂 ಇಲ್ಲ, ನಗಬಾರದು.

ಹಳೇತಂತಿ:
ನಗಬೇಡಿ, ಸ್ವಲ್ಪ ಹೊತ್ತು ಎಲ್ಲವನ್ನೂ ನಿಲ್ಲಿಸಿ. ಜಾಗದ ವಿಷಯ ಈಗ ಎರಡನೆಯದು.

ಡಿಸ್ಕ್‌ಗಳನ್ನು ನಡೆಸುವ ರೇಡ್ ಕಂಟ್ರೋಲರ್‌ನ ಸಾಫ್ಟ್‌ವೇರ್ ತೆರೆದು ಆ ಡಿಸ್ಕ್ ಬಗ್ಗೆ ಏನು ಬರೆದಿದೆ ನೋಡಿ. ಡಿಸ್ಕ್‌ಗಳು ಕಂಟ್ರೋಲರ್ ಹಿಂದೆ ಇರುವುದರಿಂದ ವಿಂಡೋಸ್‌ಗೆ ಅವುಗಳ ಆರೋಗ್ಯ ನೇರವಾಗಿ ಕಾಣದೆ ಇರಬಹುದು. "ಪ್ರಿಡಿಕ್ಟಿವ್ ಫೇಲ್ಯೂರ್" ಅಂತಿದ್ದರೆ ಡಿಸ್ಕ್ ಇನ್ನೂ ಬದುಕಿದೆ, ಎಚ್ಚರಿಕೆ ಕೊಡುತ್ತಿದೆ. "ಫೇಲ್ಡ್" ಅಂತಿದ್ದರೆ ನೀವು ಈಗಾಗಲೇ ಒಂಟಿ ಕಾಲಿನಲ್ಲಿ ನಿಂತಿದ್ದೀರಿ.

ಎರಡರಲ್ಲಿ ಯಾವುದೇ ಆಗಲಿ, ಮೊದಲು ಹೊಸ ಎಕ್ಸ್‌ಟರ್ನಲ್ ಡಿಸ್ಕ್ ತಂದು ಪೂರ್ತಿ ಬ್ಯಾಕಪ್. ಆಮೇಲೆ ಆ ಒಂದು ಡಿಸ್ಕ್ ಬದಲಿಸುವುದು. ಡೀಫ್ರಾಗ್ ಬೇಡ, ಫೋಲ್ಡರ್ ಕಂಪ್ರೆಸ್ ಬೇಡ, ದೊಡ್ಡ ಕಾಪಿ ಬೇಡ, ಶ್ಯಾಡೋ ಕಾಪಿಯನ್ನೂ ಈಗಲೇ ಕುಗ್ಗಿಸಬೇಡಿ. ಬ್ಯಾಕಪ್ ಇಲ್ಲದಿರುವಾಗ ಯಾರಾದರೂ ಫೈಲ್ ಅಳಿಸಿಕೊಂಡರೆ ಹಳೇದನ್ನು ಕೊಡಲು ಉಳಿದಿರುವುದು ಅದೊಂದೇ. ಡಿಸ್ಕ್ ಸತ್ತರೆ ಅದೂ ಜೊತೆಗೇ ಹೋಗುತ್ತದೆ, ಅದು ಬೇರೆ ಮಾತು.

ರಾತ್ರಿಪಾಳಿ:
ನಾನು ಮೊದಲು ಹೇಳಿದ್ದು ವಾಪಸ್. ಇದರಲ್ಲಿ ನಾಲ್ಕು ಡಿಸ್ಕ್ ಸರದಿಯಲ್ಲಿ ಬದಲಿಸಬೇಡಿ.

ಕಾಪಿ ಮಾಡಲು ವಿಂಡೋಸ್‌ನ ರೋಬೋಕಾಪಿ ಕಮಾಂಡ್ ಬಳಸುತ್ತೀರಿ ಅಂದರೆ ನನ್ನ ಕಥೆ ಕೇಳಿ. ಕೆಲವು ವರ್ಷದ ಹಿಂದೆ ಒಂದು ಆಫೀಸಿನಲ್ಲಿ ಹಳೇ ಫೈಲ್‌ಗಳನ್ನು ಹೊಸ ಡಿಸ್ಕ್‌ಗೆ ಸಾಗಿಸಬೇಕಿತ್ತು. ರಾತ್ರಿ ಹನ್ನೊಂದು ದಾಟಿತ್ತು. ಎಂಐಆರ್ ಸ್ವಿಚ್ ಹಾಕಿದೆ, ಎರಡೂ ಕಡೆ ಒಂದೇ ಥರ ಇರಲಿ ಅಂತ. ಮೂಲ ಮತ್ತು ಗುರಿ ಅದಲು ಬದಲಾಗಿತ್ತು. ಖಾಲಿ ಫೋಲ್ಡರ್ ಮೂಲ, ತುಂಬಿದ ಫೋಲ್ಡರ್ ಗುರಿ. ಹೇಳಿದ ಹಾಗೆಯೇ ಮಾಡಿತು ಪುಣ್ಯಾತ್ಮ, ಎರಡೂ ಕಡೆ ಒಂದೇ ಥರ ಆಯಿತು: ಖಾಲಿ. ಪರದೆ ಮೇಲೆ ಸಾಲುಗಳು ಸರಸರ ಓಡುವುದು ನೋಡಿ "ಎಷ್ಟು ಬೇಗ ಆಗುತ್ತಿದೆ" ಅಂತ ಖುಷಿಪಟ್ಟೆ. ಪ್ರತಿ ಸಾಲಿನ ಮೊದಲು "ಎಕ್ಸ್‌ಟ್ರಾ ಫೈಲ್" (ಅಂದರೆ ಮೂಲದಲ್ಲಿ ಇಲ್ಲದ್ದು, ಅಳಿಸಬೇಕಾದ್ದು) ಅಂತಿತ್ತು, ಅದನ್ನು ಓದಲಿಲ್ಲ.

ಅಂದಿನಿಂದ ಮೊದಲ ಸಲ ಯಾವಾಗಲೂ ಎಲ್ ಸ್ವಿಚ್ ಹಾಕಿಯೇ ಓಡಿಸುತ್ತೇನೆ. ಅದು ಏನು ಮಾಡುತ್ತೇನೆ ಅಂತ ಹೇಳುತ್ತದೆ, ಏನೂ ಮಾಡುವುದಿಲ್ಲ. ಮತ್ತೆ ಆರ್ ಸ್ವಿಚ್ ಮರೆಯಬೇಡಿ. ಓದಲಾಗದ ಫೈಲ್ ಸಿಕ್ಕರೆ ರೋಬೋಕಾಪಿ ತಾನಾಗಿ 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲ 30 ಸೆಕೆಂಡ್ ಕಾಯುತ್ತದೆ. ಒಂದು ಸಲ ಸಾಕು ಅಂತ ಹೇಳಿ.

ಗುಬ್ಬಿಗೂಡು:
ನಾನು ಐಟಿಯವಳಲ್ಲ, ಆಫೀಸಿನಲ್ಲಿ ಫೈಲ್ ತುಂಬಿಸುವ ಕಡೆಯವಳು. ನಮ್ಮ ಪಕ್ಷದ ಒಂದು ಮಾತು ಹೇಳಬಹುದಾ?

ನಾವು ಅಳಿಸದೇ ಇರುವುದು ಸೋಮಾರಿತನಕ್ಕಲ್ಲ. ಅಳಿಸಿದ ಮರುವಾರವೇ ಮೇಲಿನವರು ಅದೇ ಫೈಲ್ ಕೇಳುತ್ತಾರೆ, ಆಗ "ಐಟಿಯವರು ಅಳಿಸಲು ಹೇಳಿದರು" ಅಂದರೆ ಯಾರೂ ಒಪ್ಪುವುದಿಲ್ಲ. ಇಟ್ಟುಕೊಂಡಿದ್ದಕ್ಕೆ ಇದುವರೆಗೆ ಯಾರೂ ಬೈದಿಲ್ಲ. "ಬೇಡದ ಫೈಲ್ ಅಳಿಸಿ" ಅಂತ 35 ಜನಕ್ಕೂ ಮೇಲ್ ಬಂದರೆ ಪ್ರತಿಯೊಬ್ಬರೂ ಇದು ಉಳಿದ 34 ಜನಕ್ಕೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಳ್ಳುತ್ತೇನೆ 🙂

ನಮ್ಮಲ್ಲಿ ಒಬ್ಬರು ಹೀಗೆ ಮಾಡಿದರು, ಅದು ಕೆಲಸ ಮಾಡಿತು. ನನಗೆ ಮಾತ್ರ ಒಂದು ಮೇಲ್, ನನ್ನ ಫೋಲ್ಡರಿನ ದೊಡ್ಡ 20 ಫೈಲ್‌ಗಳ ಪಟ್ಟಿ. ಒಂದೊಂದರ ಮುಂದೆ ಗಾತ್ರ, ಕೊನೆಯ ಸಲ ಬದಲಾದ ದಿನ. "ಅಳಿಸಿ" ಅಂತ ಇರಲಿಲ್ಲ, "ಇದರಲ್ಲಿ ಆರ್ಕೈವ್‌ಗೆ ಹೋಗಬಹುದಾದ್ದಕ್ಕೆ ಟಿಕ್ ಹಾಕಿ" ಅಂತಿತ್ತು. ಆರ್ಕೈವ್‌ನಲ್ಲಿ ಓದಬಹುದು, ಬದಲಾಯಿಸಲು ಆಗುವುದಿಲ್ಲ. ಹತ್ತು ನಿಮಿಷದಲ್ಲಿ 14 ಟಿಕ್ ಹಾಕಿದೆ. ಒಂದು ಫೈಲ್ ನಾನು ಆರು ವರ್ಷದ ಹಿಂದೆ ಮಾಡಿಕೊಂಡ ಇಡೀ ಡೆಸ್ಕ್‌ಟಾಪಿನ ಜಿಪ್, ಅದಿದೆ ಅಂತಲೇ ಮರೆತಿದ್ದೆ.

ಹಳೇತಂತಿ:
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಒಂದೇ ಒಂದು ತಾಂತ್ರಿಕ ಬಾಲ ಸೇರಿಸುತ್ತೇನೆ: ಪಟ್ಟಿಯಲ್ಲಿ "ಕೊನೆಗೆ ತೆರೆದ ದಿನ" ಹಾಕಬೇಡಿ, "ಕೊನೆಗೆ ಬದಲಾದ ದಿನ" ಹಾಕಿ. ನಿಮ್ಮ 2012 ಆರ್2ರಲ್ಲಿ, ವಿಂಡೋಸ್ ಫೈಲ್ ಜೋಡಿಸಿಡುವ ಎನ್‌ಟಿಎಫ್‌ಎಸ್‌ನಲ್ಲಿ ಕೊನೆಗೆ ತೆರೆದ ಸಮಯ ಬರೆಯುವುದನ್ನು ಮೊದಲಿಂದಲೇ ಆಫ್ ಇಟ್ಟಿರುತ್ತಾರೆ. ದಿನಾ ತೆರೆದು ನೋಡುವ, ಆದರೆ ಬದಲಾಯಿಸದ ದರಪಟ್ಟಿ ಕೂಡ ಐದು ವರ್ಷದಿಂದ ಯಾರೂ ಮುಟ್ಟಿಲ್ಲ ಅನ್ನುವ ಹಾಗೆ ಕಾಣುತ್ತದೆ. ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ, ಅದಕ್ಕೇ ಮನುಷ್ಯರ ಟಿಕ್ ಬೇಕು.

ಫೈಲ್ ಸರ್ವರ್ ರಿಸೋರ್ಸ್ ಮ್ಯಾನೇಜರ್ ಅಂತ ನಿಮ್ಮ 2012 ಆರ್2 ಒಳಗೇ ಇದೆ, ಸೇರಿಸಿಕೊಳ್ಳಬೇಕು ಅಷ್ಟೇ. ದೊಡ್ಡ ಫೈಲ್, ಒಂದೇ ಥರದ ಎರಡು ಫೈಲ್, ಯಾರ ಹೆಸರಿನಲ್ಲಿ ಎಷ್ಟು, ಎಲ್ಲ ವರದಿ ಕೊಡುತ್ತದೆ. ಕೋಟಾ (ಫೋಲ್ಡರ್‌ಗೆ ಜಾಗದ ಮಿತಿ) ಹಾಕುವುದಾದರೆ ಎಚ್ಚರಿಸುವ, ಆದರೆ ತಡೆಯದ ಸಾಫ್ಟ್ ಕೋಟಾ ಹಾಕಿ, ಶೇ. 85 ದಾಟಿದರೆ ಮೇಲ್ ಕಳಿಸಲಿ. ಮಿತಿ ದಾಟಿದರೆ ಸೇವ್ ಮಾಡಲು ಬಿಡದ ಹಾರ್ಡ್ ಕೋಟಾ ಹಾಕಿದರೆ ಮತ್ತೆ ಸೋಮವಾರದ ಎಕ್ಸೆಲ್ ಕಥೆಯೇ, ಈ ಸಲ ಕಾರಣ ಡಿಸ್ಕ್ ಅಲ್ಲ, ನೀವು.

ತುಂಬಿದಬುಟ್ಟಿ:
ಅಪ್‌ಡೇಟ್. "ಪ್ರಿಡಿಕ್ಟಿವ್ ಫೇಲ್ಯೂರ್" ಅಂತಿತ್ತು, ಇನ್ನೂ ಸತ್ತಿರಲಿಲ್ಲ. 4 ಟಿಬಿಯ ಎಕ್ಸ್‌ಟರ್ನಲ್ ಬಂತು. ಸರ್ವರ್ ಹಿಂದೆ ಇರುವುದು ಯುಎಸ್‌ಬಿ 2.0, ಸೆಕೆಂಡಿಗೆ 30 ಎಂಬಿ ಆಸುಪಾಸು, 16 ಗಂಟೆ ಓಡಿತು. ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿ ಹತ್ತಿಪ್ಪತ್ತು ಫೈಲ್ ತೆರೆದು ನೋಡಿದೆ, ತೆರೆಯುತ್ತವೆ. ಆಮೇಲೆ ಡಿಸ್ಕ್ ಬದಲಿಸಿದೆವು, ರೀಬಿಲ್ಡ್ ರಾತ್ರಿಯಿಡೀ ನಡೆಯಿತು, ನಾನೂ ಮಲಗಲಿಲ್ಲ. ಈಗ ನಾಲ್ಕೂ ಹಸಿರು.

ಅದಾದ ಮೇಲೆಯೇ ಶ್ಯಾಡೋ ಕಾಪಿಗೆ 150 ಜಿಬಿ ಮಿತಿ ಹಾಕಿದೆ. ಒಂದು ಮಾತೂ ಕೇಳದೆ ಹಳೇ ಕಾಪಿಗಳು ಮಾಯ, 293 ಜಿಬಿ ವಾಪಸ್ ಬಂತು.

ಇನ್ನು ಫೋಲ್ಡರ್ ಲೆಕ್ಕ. ಎಲ್ಲರಿಗಿಂತ ಮೇಲೆ ಸ್ಕ್ಯಾನ್ ಫೋಲ್ಡರ್, 310 ಜಿಬಿ. ಒಂದು ಫೈಲ್ ತೆರೆದೆ: ಒಂದೇ ಪುಟದ ಬಿಳಿ ಕಾಗದ, ಮೂರು ಸಾಲು ಅಕ್ಷರ, ಒಂದು ಸಹಿ. 104 ಎಂಬಿ. ಇದು ಹೇಗೆ ಸಾಧ್ಯ?

ನೀಲಿಪರದೆ:
ಸಾಧ್ಯ. 600 ಡಿಪಿಐ (ಇಂಚಿಗೆ 600 ಚುಕ್ಕಿ), ಕಲರ್, ಟಿಫ್ ಅನ್ನುವ ಚಿತ್ರದ ಫೈಲ್, ಕಂಪ್ರೆಶನ್ ಇಲ್ಲ. ಎ4 ಹಾಳೆ ಆಗ 4961 × 7016 ಚುಕ್ಕಿ ಆಗುತ್ತದೆ, ಪ್ರತಿ ಚುಕ್ಕಿಗೆ 3 ಬೈಟ್. ಗುಣಿಸಿ ನೋಡಿ, ಸರಿಯಾಗಿ 104 ಎಂಬಿ ಬರುತ್ತದೆ. ಬಿಳಿ ಕಾಗದವೋ ಚಿತ್ರವೋ ಅದಕ್ಕೆ ಲೆಕ್ಕಕ್ಕಿಲ್ಲ, ಪ್ರತಿ ಚುಕ್ಕಿಯನ್ನೂ ಬರೆದಿಡುತ್ತದೆ. ಓದುವ ಕಾಗದಕ್ಕೆ 300 ಡಿಪಿಐ, ಗ್ರೇ, ಪಿಡಿಎಫ್ ಸಾಕು, ಪುಟಕ್ಕೆ 1 ಎಂಬಿ ಆಸುಪಾಸು.

ಆ ಸ್ಕ್ಯಾನರ್ ಇತ್ತೀಚೆಗೆ ಬಂದಿದ್ದಾ?

ತುಂಬಿದಬುಟ್ಟಿ:
ಮೂರು ತಿಂಗಳ ಹಿಂದೆ. ದಿನಕ್ಕೆ ಸುಮಾರು 50 ಪುಟ ಸ್ಕ್ಯಾನ್ ಆಗುತ್ತದೆ, ಅಂದರೆ ದಿನಕ್ಕೆ 5 ಜಿಬಿ, ವಾರಕ್ಕೆ 26. ಹನ್ನೆರಡು ವಾರಕ್ಕೆ ಗುಣಿಸಿದರೆ 312. ಅಬ್ಬಾ, ಕೂತು ಮೂರು ಸಲ ಗುಣಿಸಿದೆ. 35 ಜನಕ್ಕೆ ಮೇಲ್ ಹಾಕಿ ಬೈಸಿಕೊಂಡಿದ್ದು ಒಂದು ಮೆಷಿನ್ನಿನ ಸೆಟ್ಟಿಂಗ್‌ಗೋಸ್ಕರ.

ಇವತ್ತೇ 300 ಗ್ರೇಗೆ ಇಳಿಸಿದೆ. ಹಳೇದನ್ನು ಏನು ಮಾಡಲಿ? ಸರ್ವರ್‌ನಲ್ಲಿ ಡೀಡೂಪ್ಲಿಕೇಶನ್ ಅಂತಿದೆಯಲ್ಲ, ಅದನ್ನು ಆನ್ ಮಾಡಿದರೆ ಕುಗ್ಗುವುದಿಲ್ಲವಾ?

ಹಳೇತಂತಿ:
ಕುಗ್ಗಬಹುದು, ಆದರೆ ನಾನು ಈ ಸರ್ವರ್‌ನಲ್ಲಿ ಆನ್ ಮಾಡುವುದಿಲ್ಲ. ಡೀಡೂಪ್ ಅಂದರೆ ಫೈಲ್‌ಗಳನ್ನು ಚೂರು ಮಾಡಿ, ಒಂದೇ ಥರದ ಚೂರನ್ನು ಒಂದೇ ಸಲ ಇಟ್ಟು, ಉಳಿದ ಕಡೆ ಗುರುತು ಹಾಕುವುದು. ನಾಳೆ ಈ ಮೆಷಿನ್ ಕೆಟ್ಟು ಆ ಡಿಸ್ಕ್ ಇನ್ನೊಂದಕ್ಕೆ ಸಿಕ್ಕಿಸಿದರೆ, ಅಲ್ಲಿ ಡೀಡೂಪ್ ಇಲ್ಲದಿದ್ದರೆ ಆ ಫೈಲ್‌ಗಳು ತೆರೆಯುವುದೇ ಇಲ್ಲ. ಇನ್ನೊಂದು, ಅದನ್ನು ಹಾಕಿದ ಮೇಲೆ ಫೈಲ್ ಅಳಿಸಿದರೂ ಜಾಗ ತಕ್ಷಣ ಬರುವುದಿಲ್ಲ, ವಾರಕ್ಕೊಮ್ಮೆ ಕಸ ಗುಡಿಸುವ ಜಾಬ್ ಓಡಬೇಕು. ಗೊತ್ತಿಲ್ಲದವರು ಅಳಿಸುತ್ತಲೇ ಇರುತ್ತಾರೆ.

ಟಿಫ್‌ಗಳನ್ನು ಪಿಡಿಎಫ್ ಮಾಡಿ, ಎರಡು ವಾರ ಮೂಲ ಫೈಲ್ ಪಕ್ಕದಲ್ಲಿ ಇಟ್ಟುಕೊಳ್ಳಿ, ಯಾರೂ ಗೊಣಗದಿದ್ದರೆ ತೆಗೆಯಿರಿ. ಅದಕ್ಕೂ ಮೊದಲು ಮೂಲ ಸ್ಕ್ಯಾನ್ ಹಾಗೇ ಇರಬೇಕು ಅನ್ನುವ ನಿಯಮ ಆಫೀಸಿನಲ್ಲಿ ಇದೆಯಾ ಕೇಳಿ.

ಒಂದು ನಿಮಿಷ. ನಿಮ್ಮ ಮೊದಲ ಪೋಸ್ಟ್ ಮತ್ತೆ ಓದಿದೆ. 1 ಟಿಬಿ ನಾಲ್ಕು, ರೇಡ್ 5 ಅಂದರೆ ಮೂರರಷ್ಟು ಸಿಗಬೇಕು. ವಿಂಡೋಸ್ ಲೆಕ್ಕದಲ್ಲಿ 2.72 ಟಿಬಿ. ನೀವು ಡಿ ಡ್ರೈವ್ 1.99 ಅಂದಿರಿ. ಮಿಕ್ಕಿದ್ದೆಲ್ಲಿ?

ತುಂಬಿದಬುಟ್ಟಿ:
ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ಡಿ ಪಕ್ಕದಲ್ಲಿ ಕಪ್ಪು ಪಟ್ಟಿ, 746 ಜಿಬಿ, "ಅನ್‌ಅಲೋಕೇಟೆಡ್". ರೈಟ್ ಕ್ಲಿಕ್ ಮಾಡಿದರೆ ನ್ಯೂ ವಾಲ್ಯೂಮ್ ಮಂಕಾಗಿದೆ, ಒತ್ತಲು ಬರುವುದಿಲ್ಲ.

ರಾತ್ರಿಪಾಳಿ:
ಎಂಬಿಆರ್! ಇಷ್ಟು ವರ್ಷ 746 ಜಿಬಿ ಸುಮ್ನೆ ಮಲಗಿತ್ತು ಮಾರಾಯ್ರೇ.

ಎಂಬಿಆರ್ ಅಂದರೆ ಡಿಸ್ಕ್‌ನ ಭಾಗಗಳ ಲೆಕ್ಕ ಬರೆದಿಡುವ ಹಳೇ ಪದ್ಧತಿ, ಅದರಲ್ಲಿ ಸೆಕ್ಟರ್ (ಡಿಸ್ಕ್‌ನ ಚಿಕ್ಕ ಚೂರು) ಎಣಿಸಲು 32 ಬಿಟ್ ಮಾತ್ರ. ಸೆಕ್ಟರಿಗೆ 512 ಬೈಟ್ ಆದರೆ 2048 ಜಿಬಿಗೆ ಎಣಿಕೆ ಮುಗಿಯಿತು, ಅದರಾಚೆಗೆ ಜಾಗ ಇದ್ದರೂ ಅದಕ್ಕೆ ವಿಳಾಸ ಇಲ್ಲ. ಮೊದಲ ದಿನ ಹೊಸ ಪದ್ಧತಿಯಾದ ಜಿಪಿಟಿ ಆರಿಸಿದ್ದರೆ ಸಾಕಿತ್ತು.

ಈಗ ಬದಲಾಯಿಸಬೇಕಾದರೆ ವಿಂಡೋಸ್‌ನ ಸ್ವಂತ ಟೂಲ್‌ನಲ್ಲಿ ಡಿಸ್ಕ್ ಪೂರ್ತಿ ಖಾಲಿ ಮಾಡಬೇಕು. ಖಾಲಿ ಮಾಡದೆ ಬದಲಿಸುತ್ತೇವೆ ಅನ್ನುವ ಬೇರೆ ಸಾಫ್ಟ್‌ವೇರ್‌ಗಳಿವೆ, ಇಷ್ಟು ಹಳೇ ಡಿಸ್ಕ್ ಮೇಲೆ ನಾನು ನಂಬುವುದಿಲ್ಲ.

ಹಳೇತಂತಿ:
ಆಸೆ ಪಡಬೇಡಿ, ಅದನ್ನು ಅಲ್ಲೇ ಬಿಡಿ. ಆ 746ಕ್ಕಾಗಿ 1.6 ಟಿಬಿ ಹೊರಗೆ ಹಾಕಿ ಮತ್ತೆ ಒಳಗೆ ತುಂಬುವುದು ಅಂದರೆ ಒಂದೇ ಒಂದು ಬ್ಯಾಕಪ್ ಪ್ರತಿಯನ್ನು ನಂಬಿ ಹಗ್ಗದ ಮೇಲೆ ನಡೆದ ಹಾಗೆ. 2012 ಆರ್2ಗೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2023ರ ಅಕ್ಟೋಬರ್ 10ಕ್ಕೇ ನಿಂತಿದೆ. ಈಗ ಸಿಕ್ಕಿರುವ ಜಾಗ ಹೊಸ ಸರ್ವರ್ ಬರುವವರೆಗೆ ಕಾಲ ತಳ್ಳಲು ಸಾಕು. ಹೊಸದರಲ್ಲಿ ಜಿಪಿಟಿ ಮರೆಯಬೇಡಿ.

ಅಲ್ಲಿಯವರೆಗೆ ಎರಡು ಕೆಲಸ. ಪ್ರತಿ ಸೋಮವಾರ ಖಾಲಿ ಜಾಗ ಎಷ್ಟು ಅಂತ ಒಂದು ಕಡೆ ಬರೆದಿಡಿ. 11 ಜಿಬಿ ಉಳಿದಿದೆ ಅನ್ನುವುದರಿಂದ ಏನೂ ತಿಳಿಯುವುದಿಲ್ಲ, ವಾರಕ್ಕೆ 26 ಹೋಗುತ್ತಿದೆ ಅಂತ ಗೊತ್ತಿದ್ದಿದ್ದರೆ ಸ್ಕ್ಯಾನರ್ ಎರಡನೇ ವಾರದಲ್ಲೇ ಸಿಕ್ಕಿಬೀಳುತ್ತಿತ್ತು. ಇನ್ನೊಂದು, ವಿಂಡೋಸ್‌ನ ಎಫ್‌ಎಸ್‌ಯುಟಿಲ್ ಕಮಾಂಡ್‌ನಲ್ಲಿ 10 ಜಿಬಿಯ ಒಂದು ಖಾಲಿ ಫೈಲ್ ಮಾಡಿ ಡಿಯಲ್ಲಿ ಇಟ್ಟುಬಿಡಿ. ಮತ್ತೆ ಯಾವತ್ತಾದರೂ ಬೆಳಿಗ್ಗೆ ಒಂಬತ್ತಕ್ಕೆ ತುಂಬಿಹೋದರೆ ಅದನ್ನು ಅಳಿಸಿ, ಜನ ಕೆಲಸ ಮಾಡಲಿ, ನೀವು ನಿಧಾನವಾಗಿ ಕಾರಣ ಹುಡುಕಿ. ಹೆಸರು ಮಾತ್ರ ಸರಿಯಾಗಿ ಇಡಿ, ಯಾರೋ ಮುಖ್ಯವಾದದ್ದು ಅಂತ ಬ್ಯಾಕಪ್ ಮಾಡಿಬಿಟ್ಟಾರು.

ತುಂಬಿದಬುಟ್ಟಿ:
ಹತ್ತು ದಿನದ ನಂತರ: ಡಿಯಲ್ಲಿ 428 ಜಿಬಿ ಖಾಲಿ. ಕೆಲಸ ಬಿಟ್ಟುಹೋದವರ ಔಟ್‌ಲುಕ್ ಪಿಎಸ್‌ಟಿಗಳು (ಮೇಲ್ ಸಂಗ್ರಹದ ಫೈಲ್) 92 ಜಿಬಿ ಇದ್ದವು, ಎರಡು ಬೇರೆ ಬೇರೆ ಎಕ್ಸ್‌ಟರ್ನಲ್‌ಗೆ ಕಾಪಿ ಮಾಡಿ ಇಲ್ಲಿಂದ ತೆಗೆದೆ. ಸಿಯಲ್ಲಿ ಕ್ಯಾಬ್ ಫೈಲ್ ಸಿಗಲಿಲ್ಲ, ಆದರೆ ದೊಡ್ಡ ಮೆಮೊರಿ ಡಂಪ್ ಒಂದಿತ್ತು, ಡಿಸ್ಮ್ ಸೇರಿ 15 ಜಿಬಿ ಆಯಿತು. ಗುಬ್ಬಿಗೂಡು ಮೇಡಂ, ನಿಮ್ಮ ಟಿಕ್ ಪಟ್ಟಿ ಮೊದಲು ಐದು ಜನಕ್ಕೆ ಕಳಿಸಿದೆ, ನಾಲ್ವರು ಅದೇ ದಿನ ವಾಪಸ್ ಕಳಿಸಿದರು. ಐದನೆಯವರು ಎಲ್ಲದಕ್ಕೂ ಟಿಕ್ ಹಾಕಿದ್ದಾರೆ, ಈ ತಿಂಗಳ ಫೈಲ್‌ಗೂ. ಫೋನ್ ಮಾಡಿ ಕೇಳಬೇಕು.

ಮಾಡಿದ ಖಾಲಿ ಫೈಲ್‌ಗೆ "ತುರ್ತು_ಅಳಿಸಬಹುದು" ಅಂತ ಹೆಸರಿಟ್ಟೆ. ಮಾರನೇ ದಿನ ಯಾರೋ ಅಳಿಸಿದ್ದರು. ಈಗ ಅದನ್ನು ಯಾರಿಗೂ ಕಾಣದ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ.

ನೀಲಿಪರದೆ:
ಅಂತೂ ಅಳಿಸಿ ಅಂದಾಗ ಒಬ್ಬರಾದರೂ ಅಳಿಸಿದರಲ್ಲ 😄

ತುಂಬಿದಬುಟ್ಟಿ:
ಹಹ್ಹ. ಈ ಸೋಮವಾರದ ಲೆಕ್ಕ ಬರೆಯಲು ಹೋದರೆ ಒಂದೇ ವಾರದಲ್ಲಿ 9 ಜಿಬಿ ಕಮ್ಮಿಯಾಗಿದೆ. ಹೋಗಿ ನೋಡಿದೆ, ಅಕ್ಷರ ಮಸುಕಾಗಿ ಕಾಣುತ್ತದೆ ಅಂತ ಯಾರೋ ಸ್ಕ್ಯಾನರನ್ನು ಮತ್ತೆ 600 ಕಲರ್‌ಗೆ ಹಾಕಿದ್ದಾರೆ. ಆ ಸೆಟ್ಟಿಂಗ್‌ಗೆ ಪಾಸ್‌ವರ್ಡ್ ಹಾಕುವುದು ಎಲ್ಲಿ ಅಂತ ಹುಡುಕುತ್ತಿದ್ದೇನೆ.